ಈಗ ಯಾವ ಜಾಝ್ ಆಲ್ಬಮ್ ಕೇಳುತ್ತಿದ್ದೀರಿ? ಹೆಸರಷ್ಟೇ ಸಾಲದು, ಹಿಡಿಸಿದ ಜಾಗವನ್ನೂ ಹೇಳಿ

ಎಡಗೈ ಪಿಯಾನೊ

ಹೊಸ ಸುತ್ತು ಶುರು. ಆಲ್ಬಮ್ ಹೆಸರು ಬರೆದು ಓಡಿಹೋಗಬೇಡಿ. ಅದರಲ್ಲಿ ಯಾವ ಜಾಗದಲ್ಲಿ ಕಿವಿ ನಿಂತಿತು ಅಂತಲೂ ಹೇಳಿ. ಸುಮ್ನೆ 'ಸೂಪರ್' ಅಂದರೆ ಯಾರಿಗೂ ಉಪಯೋಗ ಇಲ್ಲ.

ನನ್ನದು ಮೊದಲು. ಬಿಲ್ ಇವಾನ್ಸ್ ಟ್ರಯೋದ 'ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್'. 1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ನೆಲಮಾಳಿಗೆಯ ಒಂದು ಕ್ಲಬ್ಬಿನಲ್ಲಿ ಮಧ್ಯಾಹ್ನ ಎರಡು ಸುತ್ತು, ರಾತ್ರಿ ಮೂರು ಸುತ್ತು ನುಡಿಸಿದರು. ಬೇಸ್ ಹಿಡಿದಿದ್ದ ಸ್ಕಾಟ್ ಲಫಾರೊಗೆ ಆಗ 25 ವರ್ಷ. ಜುಲೈ 6ರಂದು ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಆಮೇಲೆ ಆಲ್ಬಮ್ ಮಾಡುವಾಗ ಲಫಾರೊ ಕೈಚಳಕ ಎದ್ದು ಕಾಣುವಂಥದ್ದನ್ನೇ ಇವಾನ್ಸ್ ಆರಿಸಿದರು. ಮೊದಲು ಬರುವ 'ಗ್ಲೋರಿಯಾಸ್ ಸ್ಟೆಪ್', ಕೊನೆಗೆ ಬರುವ 'ಜೇಡ್ ವಿಷನ್ಸ್', ಎರಡೂ ಲಫಾರೊ ರಚನೆಗಳೇ.

ನನಗೆ ಹಿಡಿಸಿದ್ದು 'ಗ್ಲೋರಿಯಾಸ್ ಸ್ಟೆಪ್' ಶುರು. ಬೇಸ್ ಅಂದರೆ ಹಿಂದೆ ನಿಂತು ದುಂ ದುಂ ಅನ್ನುವ ವಾದ್ಯ ಅಂದುಕೊಂಡವರು ಇದನ್ನು ಕೇಳಬೇಕು. ಪಿಯಾನೊ ಒಂದು ಮಾತು ಮುಗಿಸುವ ಮುಂಚೆಯೇ ಲಫಾರೊ ಮಧ್ಯೆ ಬಾಯಿ ಹಾಕುತ್ತಾರೆ. ಇವಾನ್ಸ್‌ಗೆ ಬೇಜಾರೂ ಇಲ್ಲ, ಜಾಗ ಬಿಟ್ಟುಕೊಡುತ್ತಾರೆ. ಡ್ರಮ್ಸಿನ ಪಾಲ್ ಮೋಟಿಯನ್ ಬ್ರಶ್ ಹಿಡಿದು ಇಬ್ಬರ ಮಾತೂ ಕೇಳಿಸಿಕೊಳ್ಳುತ್ತಾ ಇರುತ್ತಾರೆ.

ಜರ್ಸಿ ಕನ್ನಡಿಗ

ಹೆಡ್‌ಫೋನ್ ಹಾಕಿ ಕೇಳಿ ಸಾರ್. ಗ್ಲಾಸು ತಾಗುವ ಸದ್ದು, ಯಾರದ್ದೋ ಹರಟೆ, ನಗು ಎಲ್ಲಾ ಇದೆ. ಇಷ್ಟು ದೊಡ್ಡ ಸಂಗೀತ ನಡೆಯುತ್ತಿದೆ, ಅವರು ಮಾತು ನಿಲ್ಲಿಸಿಲ್ಲ! 2005ರಲ್ಲಿ ಆ ದಿನದ ಪೂರ್ತಿ ರೆಕಾರ್ಡಿಂಗ್ ಸೆಟ್ ಬಂತು. ಅದರಲ್ಲಿ ಮೊದಲ ಟೇಕಿನ (ಒಂದು ಸಲ ನುಡಿಸಿ ರೆಕಾರ್ಡ್ ಮಾಡಿದ್ದು) ಮಧ್ಯೆ ಕರೆಂಟ್ ಕೈಕೊಟ್ಟದ್ದೂ ಹಾಗೇ ಇದೆ.

ಘಟಂ ಗೆಳೆಯ

ನ್ಯೂಯಾರ್ಕಿನಲ್ಲೂ ಕರೆಂಟ್ ಹೋಗುತ್ತದೆ ಅಂತ ತಿಳಿದು ಸಮಾಧಾನ ಆಯಿತು.

ಹೊಸಬ

ಎಲ್ಲರಿಗೂ ನಮಸ್ಕಾರ. ನಾನು ಈ ಕಡೆಗೆ ಹೊಸಬ. ಕರ್ನಾಟಕ ಸಂಗೀತ ಕೇಳಿ ಅಭ್ಯಾಸ, ಕಲಿತದ್ದು ಕಮ್ಮಿ. ನನ್ನ ಸೋದರಮಾವ ತಮ್ಮ ಹಳೆ ಎಲ್‌ಪಿಗಳನ್ನು ನನಗೆ ಕೊಟ್ಟಿದ್ದಾರೆ. ಅದರಲ್ಲಿ ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ಇದೆ. ಎರಡು ಪ್ರಶ್ನೆ. ಒಂದು, ಇದನ್ನು ಹೇಗೆ ಕೇಳಬೇಕು? ಚೆನ್ನಾಗಿದೆ ಅನಿಸುತ್ತದೆ, ಆದರೆ ಎಲ್ಲಿ ಹಿಡಿದುಕೊಳ್ಳಬೇಕು ಗೊತ್ತಾಗುತ್ತಿಲ್ಲ. ಎರಡು, ಪಕ್ಕದಲ್ಲಿ ಕೀಬೋರ್ಡ್ ಇಟ್ಟು ಒತ್ತಿ ನೋಡಿದರೆ ಮೊದಲ ಹಾಡಿನ ಶ್ರುತಿ ಸ್ವಲ್ಪ ಮೇಲೆ ಇದೆ. ಟರ್ನ್‌ಟೇಬಲ್ ಮೋಟಾರು ಹೋಗಿದೆಯಾ?

ಎಡಗೈ ಪಿಯಾನೊ

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಮೋಟಾರ್ ಅಂಗಡಿಗೆ ಹೊರಡಬೇಡಿ. ಪ್ಲೇಟ್ ತಿರುಗಿಸಿ ಎರಡನೇ ಬದಿ ಹಾಕಿ. ಅಲ್ಲಿ 'ಆಲ್ ಬ್ಲೂಸ್' ಕೀಬೋರ್ಡಿಗೆ ಸರಿಯಾಗಿ ಕೂತರೆ ನಿಮ್ಮ ಟರ್ನ್‌ಟೇಬಲ್ ಸರಿಯಾಗಿಯೇ ಇದೆ. ಮೊದಲ ಬದಿಯ ಮೂರೂ ಹಾಡು 1959ರ ಮಾರ್ಚ್ 2ರಂದು ರೆಕಾರ್ಡ್ ಆದವು. ಆ ದಿನ ಮುಖ್ಯ ಟೇಪ್ ಮೆಷಿನ್ ಸ್ವಲ್ಪ ನಿಧಾನ ಓಡಿತ್ತು. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಏನಾಗುತ್ತದೆ? ಶ್ರುತಿ ಏರುತ್ತದೆ. ಜೊತೆಗೆ ಓಡಿಸಿದ್ದ ಇನ್ನೊಂದು ಮೆಷಿನ್ನಿನ ಟೇಪು ಸರಿ ಇತ್ತು. ಅದನ್ನು ಬಳಸಿ ಸರಿಮಾಡಿದ್ದು 1992ರಲ್ಲಿ. ಅಲ್ಲಿಯವರೆಗೆ ಲೋಕವೆಲ್ಲ ಆ ಬದಿಯನ್ನು ಏರಿದ ಶ್ರುತಿಯಲ್ಲೇ ಕೇಳಿತು. ಎರಡನೇ ಬದಿ ಏಪ್ರಿಲ್ 22ರದ್ದು, ಅದಕ್ಕೆ ಈ ತೊಂದರೆ ಇಲ್ಲ.

ಹೊಸಬ

ತಿರುಗಿಸಿ ಹಾಕಿದೆ. ಸರಿಯಾಗಿ ಕೂತಿತು! ಮಾವನಿಗೆ ಫೋನ್ ಮಾಡಿ ಹೇಳಿದೆ, ಅವರಿಗೂ ಗೊತ್ತಿರಲಿಲ್ಲವಂತೆ.

ಬಸವನಗುಡಿ ಬೀಟ್

ಮೊದಲ ಪ್ರಶ್ನೆ ನನಗಿರಲಿ. 'ಸೋ ವಾಟ್' ಹಾಕಿ. ಹಿಡಿದುಕೊಳ್ಳಲು ಲೆಕ್ಕ ಬೇಕು ಅಂದರೆ ಇದಕ್ಕಿಂತ ಸುಲಭದ್ದು ಇಲ್ಲ. ಒಂದೇ ಸ್ವರಸಾಲು, ಹದಿನಾರು ಬಾರ್ (ಒಂದು ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆ). ಆಮೇಲೆ ಅದನ್ನೇ ಅರ್ಧ ಸ್ವರ ಮೇಲಕ್ಕೆ ಎತ್ತಿ ಎಂಟು ಬಾರ್. ಮತ್ತೆ ಕೆಳಗಿಳಿದು ಎಂಟು ಬಾರ್. ಒಟ್ಟು 32. ಒಬ್ಬೊಬ್ಬರೂ ಇದರ ಮೇಲೇ ಸುತ್ತು ಹಾಕುತ್ತಾರೆ. ಆ ಸಾಲು ನಿಮಗೆ ಗೊತ್ತಿರುವುದೇ. ನಮ್ಮ ಖರಹರಪ್ರಿಯದ ಸ್ವರಗಳು.

ಹಿಡಿಸುವ ಜಾಗ: ಸುಮಾರು ಒಂದೂವರೆ ನಿಮಿಷದ ಹತ್ತಿರ. ಪಲ್ಲವಿ ಮುಗಿದು ಮೈಲ್ಸ್ ಟ್ರಂಪೆಟ್ ಸೋಲೋ ಶುರುವಾಗುವ ಗಳಿಗೆಯಲ್ಲಿ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ಏಟು ಕೊಡುತ್ತಾರೆ. ಆ ಏಟಿನ ಝಣಝಣ ಮೈಲ್ಸ್‌ನ ಮೊದಲ ಸ್ವರಗಳ ಹಿಂದೆ ಎಷ್ಟು ಹೊತ್ತು ಉಳಿಯುತ್ತದೆ ನೋಡಿ.

ತಂಬೂರಿ ಮೇಡಂ

ಸ್ವರ ಹೊಂದಿದ ಮಾತ್ರಕ್ಕೆ ಖರಹರಪ್ರಿಯ ಅನ್ನಬೇಡಿ ಮಾರಾಯರೇ. ಗಾಂಧಾರ, ನಿಷಾದ ಅಲುಗದೆ ಖರಹರಪ್ರಿಯ ಎಲ್ಲಿಂದ ಬಂತು? ಮೈಲ್ಸ್ ಸ್ವರ ಹಿಡಿದರೆ ಕಡ್ಡಿ ಇಟ್ಟ ಹಾಗೆ ನೇರ. ಅವರ ಸೊಗಸು ಇರುವುದೇ ಅಲ್ಲಿ. ಮತ್ತೆ ಆಧಾರ ಷಡ್ಜವನ್ನೇ ಅರ್ಧ ಸ್ವರ ಎತ್ತುವುದು ನಮ್ಮ ಕಛೇರಿಯಲ್ಲಿ ಆಗದ ಮಾತು. ಹಾಗೆ ಎತ್ತಿದಾಗ ಬೆನ್ನ ಮೇಲೆ ಒಂದು ಚಳಿ ಬರುತ್ತದಲ್ಲ, ನಮ್ಮ ಪದ್ಧತಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಹೊಸಬರೇ, ರಾಗ ಹುಡುಕುತ್ತಾ ಕೂತರೆ ಅದು ತಪ್ಪಿಹೋಗುತ್ತದೆ.

ಬಸವನಗುಡಿ ಬೀಟ್

ಒಪ್ಪಿದೆ ಮೇಡಂ. ಆದರೆ ಬಾಗಿಲು ತೆಗೆಯಲು ಒಂದು ಬೀಗದಕೈ ಬೇಕಲ್ವಾ? ಒಳಗೆ ಬಂದ ಮೇಲೆ ಎಸೆಯಲಿ.

ಘಟಂ ಗೆಳೆಯ

ನಾನು ಲೆಕ್ಕದವನು. ಈ ವಾರ ಎರಡು.

ಒಂದು, ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ 'ಟೈಮ್ ಔಟ್', 1959. 'ಟೇಕ್ ಫೈವ್' ಎಲ್ಲರಿಗೂ ಗೊತ್ತು. ಅದನ್ನು ಬರೆದದ್ದು ಬ್ರೂಬೆಕ್ ಅಂತ ತುಂಬ ಜನ ಹೇಳುತ್ತಾರೆ, ಬರೆದವರು ಸ್ಯಾಕ್ಸೋಫೋನಿನ ಪಾಲ್ ಡೆಸ್ಮಂಡ್. ಐದರ ಎಣಿಕೆ ಅಂತ ಖಂಡಛಾಪು ಹಾಕಲು ಹೋದರೆ ಕೈ ಎಡವುತ್ತದೆ. ನಮ್ಮದು ತಕ ತಕಿಟ. ಇದು ತಕಿಟ ತಕ. ಜೋ ಮೊರೆಲೊ ಡ್ರಮ್ಸ್ ತನಿ ಬಿಡುವಾಗ ಬ್ರೂಬೆಕ್ ಏನು ಮಾಡುತ್ತಾರೆ ಕೇಳಿ. ಒಂದೇ ಪಟ್ಟು ಹಿಡಿದು ಬಿಡದೆ ನುಡಿಸುತ್ತಾರೆ. ಅದು ತಾಳ ಹಾಕುವ ಕೆಲಸವೇ. ಆ ಪಟ್ಟು ಇರುವುದರಿಂದ ಮೊರೆಲೊ ಧೈರ್ಯವಾಗಿ ಸುಮ್ಮನಿರುತ್ತಾರೆ. ಬಾರಿಸಿದ್ದಕ್ಕಿಂತ ಬಿಟ್ಟದ್ದು ಜಾಸ್ತಿ.

ಅದೇ ಪ್ಲೇಟಿನ 'ಬ್ಲೂ ರೊಂಡೊ' ಇನ್ನೂ ಮಜಾ. ಒಂಬತ್ತನ್ನು ಎರಡು ಎರಡು ಎರಡು ಮೂರು ಅಂತ ಮೂರು ಸಲ ಒಡೆದು, ನಾಲ್ಕನೇ ಸಲ ಮೂರು ಮೂರು ಮೂರು. 1958ರಲ್ಲಿ ಅಮೆರಿಕ ಸರ್ಕಾರದ ಪ್ರವಾಸದಲ್ಲಿ ಟರ್ಕಿಗೆ ಹೋದಾಗ ಬೀದಿ ವಾದ್ಯಗಾರರಿಂದ ಕೇಳಿಸಿಕೊಂಡ ಲಯ. ಅದೇ ಪ್ರವಾಸದಲ್ಲಿ ಭಾರತಕ್ಕೂ ಬಂದಿದ್ದರು.

ಎರಡು, ಪಿಯಾನೊದ ಥೆಲೋನಿಯಸ್ ಮಂಕ್ 'ಬ್ರಿಲಿಯಂಟ್ ಕಾರ್ನರ್ಸ್'. ಇದು ಬೇರೆಯೇ ಕಥೆ. ಒಂದು ಆವರ್ತಕ್ಕೆ ಎಂಟು, ಏಳು, ಏಳು, ಒಟ್ಟು 22 ಬಾರ್. ಒಂದು ಸುತ್ತು ನಿಧಾನ, ಮುಂದಿನ ಸುತ್ತು ದುಪ್ಪಟ್ಟು ವೇಗ, ಮತ್ತೆ ನಿಧಾನ. 1956ರ ಕೊನೆಯಲ್ಲಿ ಸ್ಟುಡಿಯೊದಲ್ಲಿ 25 ಟೇಕ್ ಮಾಡಿದರೂ ಒಂದೂ ಪೂರ್ತಿ ಬರಲಿಲ್ಲ. ಸ್ಯಾಕ್ಸೋಫೋನಿನ ಸಾನಿ ರೋಲಿನ್ಸ್, ಡ್ರಮ್ಸಿನ ಮ್ಯಾಕ್ಸ್ ರೋಚ್ ಅಂಥವರು ಇದ್ದೂ! ಕೊನೆಗೆ ಪ್ರೊಡ್ಯೂಸರ್ ಆರಿನ್ ಕೀಪ್‌ನ್ಯೂಸ್ ಟೇಪು ಕತ್ತರಿಸಿ ಅಂಟಿಸಿ ಒಂದು ಮಾಡಿದರು.

ಹೊಸಬ

ಅಂಟಿಸಿದ ಜಾಗ ಕೇಳಿಸುತ್ತದಾ?

ಘಟಂ ಗೆಳೆಯ

ಹುಡುಕಬೇಡಿ. ಹುಡುಕಿದರೆ ಎಲ್ಲಾ ಕಡೆಯೂ ಕೇಳಿಸಿದ ಹಾಗಾಗುತ್ತದೆ. ಎರಡು ವೇಗದಲ್ಲಿ ರೋಲಿನ್ಸ್ ಹೇಗೆ ಒಂದೇ ಮನುಷ್ಯನಾಗಿ ಉಳಿಯುತ್ತಾರೆ, ಅದನ್ನು ಕೇಳಿ.

ಮಳೆ ಮೂಡಿಗೆರೆ

ಇಲ್ಲಿ ಒಂದು ವಾರದಿಂದ ಮಳೆ ನಿಂತಿಲ್ಲ. ಕೀತ್ ಜ್ಯಾರೆಟ್ 'ಕೋಲ್ನ್ ಕಾನ್ಸರ್ಟ್' ಬಿಟ್ಟು ಬೇರೆ ಏನೂ ಹಾಕಿಲ್ಲ. ಹಿಡಿಸಿದ ಜಾಗ ಮೊದಲ ಭಾಗ ಪೂರ್ತಿ. ಬಯ್ಯಬೇಡಿ.

ಬಸವನಗುಡಿ ಬೀಟ್

ಬಯ್ಯುತ್ತೇನೆ. ಕಾಫಿ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ ಎಲ್ಲಾ ಕಡೆ ಕೇಳಿ ಕೇಳಿ ಸಾಕಾಗಿದೆ. ಅದೇ ಎರಡು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿದು ಹತ್ತು ನಿಮಿಷ ಕುಟ್ಟುವುದಕ್ಕೆ ಜಾಝ್ ಅನ್ನಬೇಕಾ?

ಎಡಗೈ ಪಿಯಾನೊ

ಆ ಕುಟ್ಟುವುದಕ್ಕೆ ಕಾರಣ ಇದೆ. 1975ರ ಜನವರಿ 24, ಜರ್ಮನಿಯ ಕೋಲ್ನ್ ಒಪೆರಾ ಹೌಸ್. ಕಾರ್ಯಕ್ರಮ ಏರ್ಪಡಿಸಿದ್ದ ವೆರಾ ಬ್ರಾಂಡೆಸ್‌ಗೆ ಆಗ 18 ವರ್ಷ. ಜ್ಯಾರೆಟ್ ಕೇಳಿದ್ದ ದೊಡ್ಡ ಪಿಯಾನೊ ಬದಲು ಅಭ್ಯಾಸಕ್ಕೆ ಇಟ್ಟಿದ್ದ ಚಿಕ್ಕ ಪಿಯಾನೊ ವೇದಿಕೆಗೆ ಬಂದಿತ್ತು. ಮೇಲಿನ ಸ್ವರಗಳು ತಗಡಿನ ಸದ್ದು. ಕೆಳಗಿನ ಸ್ವರಗಳಿಗೆ ತೂಕ ಇಲ್ಲ. ಪೆಡಲ್ ಸರಿಯಿಲ್ಲ. ಜ್ಯಾರೆಟ್‌ಗೆ ನಿದ್ದೆ ಇಲ್ಲ, ಬೆನ್ನುನೋವು ಬೇರೆ. ರಾತ್ರಿ ಹನ್ನೊಂದೂವರೆಗೆ ಕೂತರು. ಮೇಲಕ್ಕೆ ಹೋಗುವ ಹಾಗಿಲ್ಲ ಅಂತ ಮಧ್ಯದ ಸ್ವರಗಳಲ್ಲೇ ಜಾಸ್ತಿ ಉಳಿದರು. ಕೆಳಗೆ ತೂಕ ಬರಲಿ ಅಂತ ಎಡಗೈಯಲ್ಲಿ ಒಂದೇ ಪಟ್ಟನ್ನು ಮತ್ತೆ ಮತ್ತೆ ಹಿಡಿದರು. ನೀವು ಕುಟ್ಟುವುದು ಅಂದಿರಲ್ಲ, ಅದು ಇದೇ.

ಮೊದಲ ಕೆಲವು ಸೆಕೆಂಡ್ ಗಮನವಿಟ್ಟು ಕೇಳಿ. ಸಭೆಯಲ್ಲಿ ಯಾರೋ ನಗುತ್ತಾರೆ. ಜನರನ್ನು ಒಳಗೆ ಕರೆಯಲು ಒಪೆರಾ ಹೌಸಿನಲ್ಲಿ ಬಾರಿಸುವ ಗಂಟೆಯ ಸ್ವರವನ್ನೇ ಹಿಡಿದು ಅವರು ಶುರುಮಾಡಿದ್ದರು.

ಬಸವನಗುಡಿ ಬೀಟ್

ಕಥೆ ಚೆನ್ನಾಗಿದೆ. ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ.

ಮಳೆ ಮೂಡಿಗೆರೆ

ಇರಲಿ ಬಿಡಿ. ಮಳೆ ನಿಂತ ಮೇಲೆ ಜಗಳ ಆಡೋಣ.

ಜರ್ಸಿ ಕನ್ನಡಿಗ

ನನ್ನ ಸರದಿ. ಚಾರ್ಲ್ಸ್ ಮಿಂಗಸ್ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'. 1963ರ ಜನವರಿ 20ರಂದು ರೆಕಾರ್ಡ್ ಆದದ್ದು. ಹನ್ನೊಂದು ಜನ, ಆದರೆ ಸದ್ದು ಕೇಳಿದರೆ ಮೂವತ್ತು ಜನ ಇದ್ದಂತೆ. ನೃತ್ಯಕ್ಕೆ ಅಂತಲೇ ಬರೆದ ಕೃತಿ. ಕ್ವೆಂಟಿನ್ ಜ್ಯಾಕ್ಸನ್ ಟ್ರಾಂಬೋನಿನ ಬಾಯಿಗೆ ಮುಚ್ಚಳ ಹಿಡಿದು ತೆಗೆದು ನುಡಿಸುವುದನ್ನು ಕೇಳಿದರೆ ಯಾರೋ ಅಳುತ್ತಾ ಬಯ್ಯುತ್ತಿದ್ದಾರೆ ಅನಿಸುತ್ತದೆ. ನಡುವೆ ಸ್ಪ್ಯಾನಿಶ್ ಗಿಟಾರ್ ಬರುತ್ತದೆ, ಯಾಕೆ ಬಂತು ಅಂತ ಕೇಳುವಷ್ಟರಲ್ಲಿ ಹೋಗಿರುತ್ತದೆ. ಜ್ಯಾಕೆಟ್ ಹಿಂದಿನ ಟಿಪ್ಪಣಿಯಲ್ಲಿ ಒಂದು ಭಾಗ ಬರೆದದ್ದು ಮಿಂಗಸ್‌ಗೆ ಚಿಕಿತ್ಸೆ ಕೊಡುತ್ತಿದ್ದ ಮನಶ್ಶಾಸ್ತ್ರಜ್ಞರು. ಅಂಥ ಮನುಷ್ಯ, ಅಂಥ ಸಂಗೀತ.

ಹಿಡಿಸಿದ್ದು ಆಲ್ಟೊ ಸ್ಯಾಕ್ಸೋಫೋನ್. ಆಲ್ಬಮ್ ಪೂರ್ತಿ ಬೆಂಕಿ ಹಚ್ಚಿದ ಹಾಗೆ ನುಡಿಸಿದ್ದಾರೆ. ಹೆಸರು ಚಾರ್ಲಿ ಮರಿಯಾನೊ. ಬಾಸ್ಟನ್‌ನವರು.

ಘಟಂ ಗೆಳೆಯ

ಅಯ್ಯೋ ಗುರು, ಮರಿಯಾನೊ ಹೆಸರು ಎತ್ತಿದಿರಿ, ಇನ್ನು ನನ್ನನ್ನು ನಿಲ್ಲಿಸಲು ಆಗುವುದಿಲ್ಲ.

ಇದೇ ಮರಿಯಾನೊ ಇಪ್ಪತ್ತು ವರ್ಷ ಆದ ಮೇಲೆ ನಮ್ಮ ಬೆಂಗಳೂರಿನವರ ಜೊತೆ ಒಂದು ಆಲ್ಬಮ್ ಮಾಡಿದರು. ಹೆಸರು 'ಜ್ಯೋತಿ'. ಜರ್ಮನಿಯ ಇಸಿಎಂ ಕಂಪನಿ, 1983. ಜೊತೆಗಿದ್ದವರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ. ಆರ್.ಎ. ರಮಾಮಣಿ ಹಾಡಿದ್ದಾರೆ, ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ. ಮಧ್ಯೆ ಕೊನ್ನಕ್ಕೋಲು, ಅಂದರೆ ಬಾಯಲ್ಲೇ ಹೇಳುವ ಲಯದ ಸೊಲ್ಲು. ಡ್ರಮ್ ಸೆಟ್ ಇಲ್ಲ, ಬೇಸ್ ಇಲ್ಲ, ಪಿಯಾನೊ ಇಲ್ಲ. ಮರಿಯಾನೊ ಸೊಪ್ರಾನೊ ಸ್ಯಾಕ್ಸೋಫೋನ್, ಕೊಳಲು ಹಿಡಿದು ಕೂತಿದ್ದಾರೆ.

ಇಂಥ ಕಡೆ ಸಾಮಾನ್ಯವಾಗಿ ಏನಾಗುತ್ತದೆ? ಜಾಝ್‌ನವರು ಜಾಝ್ ನುಡಿಸುತ್ತಾರೆ, ನಮ್ಮವರು ಹಿಂದೆ ಬಣ್ಣ ಹಚ್ಚುತ್ತಾರೆ. ಇಲ್ಲಿ ತಿರುಗುಮುರುಗು. ಮನೆ ನಮ್ಮವರದ್ದು, ಮರಿಯಾನೊ ಅತಿಥಿ. ಆತ ನಾಗಸ್ವರ ಕಲಿತಿದ್ದ ಮನುಷ್ಯ, ಹಾಗಾಗಿ ಎಲ್ಲಿ ಊದಬೇಕು ಅನ್ನುವುದರ ಜೊತೆಗೆ ಎಲ್ಲಿ ಸುಮ್ಮನಿರಬೇಕು ಅಂತಲೂ ಗೊತ್ತಿದೆ. ರಮಾಮಣಿಯವರ ದನಿಯ ಹಿಂದೆ ಹೋಗುವಾಗ ಗಮಕದ ತುದಿಯನ್ನಷ್ಟೇ ಮುಟ್ಟುತ್ತಾರೆ, ಪೂರ್ತಿ ಎಳೆಯಲು ಹೋಗುವುದಿಲ್ಲ.

ತಂಬೂರಿ ಮೇಡಂ

ಇದನ್ನು ಒಪ್ಪುತ್ತೇನೆ. ಅಲ್ಲಿ ರಮಾಮಣಿಯವರು ಒಬ್ಬರೇ ಹಾಡುವ ಶುರುವಿನ ತುಣುಕು ಕೇಳಿ. ಶ್ರುತಿ ಹಿಡಿದು ನಿಧಾನವಾಗಿ ಏರುತ್ತಾರೆ, ಎಲ್ಲೂ ಆತುರ ಇಲ್ಲ. ಇಸಿಎಂನವರ ರೆಕಾರ್ಡಿಂಗಿನಲ್ಲಿ ಸ್ವರದ ಸುತ್ತ ಜಾಗ ಜಾಸ್ತಿ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಜಾಗ ನಮ್ಮ ಸಂಗೀತಕ್ಕೆ ಎಷ್ಟು ಒಗ್ಗುತ್ತದೆ ಅಂತ ಇಲ್ಲಿ ಗೊತ್ತಾಗುತ್ತದೆ.

ಹೊಸಬ

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು ನಾನು. ಈ ಆಲ್ಬಮ್ ಹೆಸರೇ ಕೇಳಿರಲಿಲ್ಲ.

ಘಟಂ ಗೆಳೆಯ

ಹೊರಗಿನವರಿಗೇ ಜಾಸ್ತಿ ಗೊತ್ತು. ಹೇಳಿಕೊಂಡರೆ ಬೇಜಾರಾಗುತ್ತದೆ, ಬಿಡಿ.

ಕಡಲ ಕಿನಾರೆ

ಹಾಗಾದರೆ ಮಂಗಳೂರಿನ ಪಾಲು ನನ್ನದು. 'ಕಿನ್ಸ್‌ಮೆನ್', 2008. ಎರಡು ಆಲ್ಟೊ ಸ್ಯಾಕ್ಸೋಫೋನ್. ಒಂದು ನಮ್ಮ ಕದ್ರಿ ಗೋಪಾಲನಾಥ್, ಇನ್ನೊಂದು ರುದ್ರೇಶ್ ಮಹಾಂತಪ್ಪ. ರುದ್ರೇಶ್ ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ, ಮನೆತನ ಕರ್ನಾಟಕದ್ದು. ಕಾಲೇಜಿನಲ್ಲಿ ಜಾಝ್ ಓದುವಾಗ ಅಣ್ಣ ತಮಾಷೆಗೆ ಅಂತ ಕದ್ರಿಯವರ ರೆಕಾರ್ಡ್ ತಂದುಕೊಟ್ಟರಂತೆ. ತಮಾಷೆ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಕದ್ರಿಯವರ ಬಗ್ಗೆ ಇಲ್ಲಿ ಹೇಳಬೇಕಾಗಿಲ್ಲ. ಬಂಟ್ವಾಳದ ಸಜೀಪದವರು, ಅಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಇದೇ ಬೇಕು ಅಂತ ಹಟ ಹಿಡಿದವರು. ಆ ವಾದ್ಯದಲ್ಲಿ ಗಮಕ ಬರಿಸಲು ವರ್ಷಗಟ್ಟಲೆ ಒದ್ದಾಡಿದರು. 1980ರಲ್ಲಿ ಬಾಂಬೆ ಜಾಝ್ ಉತ್ಸವದಲ್ಲಿ ಅವರು ನುಡಿಸಿದ್ದನ್ನು ಕೇಳಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ನಾನೂ ಜೊತೆಗೆ ನುಡಿಸಲಾ ಅಂತ ವೇದಿಕೆ ಹತ್ತಿದರು.

'ಕಿನ್ಸ್‌ಮೆನ್'ನಲ್ಲಿ ಹಿಡಿಸಿದ್ದು ಇಬ್ಬರೂ ಸರದಿ ಮೇಲೆ ನುಡಿಸುವ ಜಾಗಗಳು. ವಾದ್ಯ ಒಂದೇ. ಆದರೂ ಕಣ್ಣು ಮುಚ್ಚಿ ಯಾರದ್ದು ಅಂತ ಹೇಳಬಹುದು. ರುದ್ರೇಶ್ ಸ್ವರದ ಅಂಚು ಚೂಪು, ಪ್ರತಿ ಸ್ವರಕ್ಕೂ ಒಂದು ತಳ್ಳು ಇರುತ್ತದೆ. ಕದ್ರಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋದದ್ದು ಯಾವಾಗ ಅಂತ ಗೊತ್ತೇ ಆಗುವುದಿಲ್ಲ. ಜೊತೆಗೆ ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿ ಮೃದಂಗ, ರೆಝ್ ಅಬ್ಬಾಸಿ ಗಿಟಾರ್. ಕದ್ರಿಯವರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇಬ್ಬರೂ ಸೇರಿ ಇನ್ನೊಂದೆರಡು ಆಲ್ಬಮ್ ಮಾಡಬೇಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಬಸವನಗುಡಿ ಬೀಟ್

'ಕಿನ್ಸ್‌ಮೆನ್' ಒಳ್ಳೆಯದು. ಡ್ರಮ್ಸ್ ಮತ್ತು ಮೃದಂಗ ಒಟ್ಟಿಗೆ ಬಂದಾಗ ಮಾತ್ರ ಸ್ವಲ್ಪ ಸಂತೆ ಆಗುತ್ತದೆ. 'ಜ್ಯೋತಿ' ಆ ವಿಷಯದಲ್ಲಿ ಮೇಲು.

ಕಡಲ ಕಿನಾರೆ

ಸಂತೆ ಇರಲಿ, ನನಗೆ ಸಂತೆಯೇ ಇಷ್ಟ.

ತಂಬೂರಿ ಮೇಡಂ

ನಾನು ಹಳೆಯದಕ್ಕೇ ಹೋಗುತ್ತೇನೆ. ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ 'ಎ ಲವ್ ಸುಪ್ರೀಮ್'. 1964ರ ಡಿಸೆಂಬರ್ 9, ಒಂದೇ ದಿನದ ರೆಕಾರ್ಡಿಂಗ್. ಎಲ್ಲರೂ ಮೊದಲ ಭಾಗದ ಬಗ್ಗೆ ಮಾತಾಡುತ್ತಾರೆ. ಬೇಸಿನಲ್ಲಿ ಬರುವ ನಾಲ್ಕು ಸ್ವರ, ಅದನ್ನು ಕೋಲ್ಟ್ರೇನ್ ಹನ್ನೆರಡೂ ಶ್ರುತಿಗೆ ಒಯ್ಯುವುದು, ಕೊನೆಗೆ ಬಾಯಲ್ಲೇ ಜಪ ಮಾಡುವುದು. ನನ್ನ ಮಾತು ಕೊನೆಯ ಭಾಗದ ಬಗ್ಗೆ. 'ಸಾಮ್', ಅಂದರೆ ಸ್ತುತಿಗೀತೆ. ಅಲ್ಲಿ ಎಣಿಕೆ ಇಲ್ಲ. ಎಲ್ವಿನ್ ಜೋನ್ಸ್ ತಾಳ ಹಿಡಿಯುವುದನ್ನು ಬಿಟ್ಟು ಡ್ರಮ್ಮಿನಲ್ಲಿ ಗುಡುಗುತ್ತಾ ಇರುತ್ತಾರೆ. ಕೋಲ್ಟ್ರೇನ್ ನುಡಿಸುವುದು ಒಂದು ಪದ್ಯ. ತಾವೇ ಬರೆದ ಪ್ರಾರ್ಥನೆಯ ಪದಪದವನ್ನೂ ಸ್ಯಾಕ್ಸೋಫೋನಿನಲ್ಲಿ ಹೇಳುತ್ತಾರೆ. ಆ ಪದ್ಯ ಜ್ಯಾಕೆಟ್ ಮೇಲೇ ಅಚ್ಚಾಗಿದೆ. ಕೈಯಲ್ಲಿ ಹಿಡಿದು ಓದುತ್ತಾ ಕೇಳಿ, ಸಾಲು ಮುಗಿಯುವ ಕಡೆ ಉಸಿರು ಮುಗಿಯುತ್ತದೆ. 'ಥ್ಯಾಂಕ್ ಯೂ ಗಾಡ್' ಅನ್ನುವ ಕಡೆ ಸ್ವರ ಇಳಿದು ನಿಲ್ಲುತ್ತದೆ.

ನಾವು ಇದಕ್ಕೆ ಹೊಸಬರಲ್ಲ. ದಾಸರ ಉಗಾಭೋಗ ಹಾಡುವಾಗ ಏನು ಮಾಡುತ್ತೇವೆ? ತಾಳ ಇಲ್ಲ, ಸಾಹಿತ್ಯವೇ ದಾರಿ ತೋರಿಸುತ್ತದೆ. 'ಸಾಮ್' ಕೇಳುವ ಕಿವಿ ನಮಗೆ ಮೊದಲೇ ಇದೆ.

ಜರ್ಸಿ ಕನ್ನಡಿಗ

ಮೇಡಂ, ಅದು ರೆಕಾರ್ಡ್ ಆದ ವ್ಯಾನ್ ಗೆಲ್ಡರ್ ಸ್ಟುಡಿಯೊ ನಮ್ಮ ಕಡೆಯೇ, ನ್ಯೂಜರ್ಸಿಯ ಎಂಗಲ್‌ವುಡ್ ಕ್ಲಿಫ್ಸ್. ಮರದ ಎತ್ತರದ ಚಾವಣಿ, ಒಳಗೆ ನೋಡಿದರೆ ಪ್ರಾರ್ಥನಾ ಮಂದಿರದ ಹಾಗೆ. ಆ ಡ್ರಮ್ಮಿನ ಗುಡುಗು ಅಷ್ಟು ದೂರದಿಂದ ಬಂದ ಹಾಗೆ ಕೇಳುವುದರಲ್ಲಿ ಚಾವಣಿಯ ಪಾಲೂ ಇದೆ.

ಮಳೆ ಮೂಡಿಗೆರೆ

ಬಸವನಗುಡಿಯವರೇ, ಇಲ್ಲೂ ಒಂದೇ ಕಾರ್ಡ್. ಬಯ್ಯಿರಿ ನೋಡೋಣ.

ಬಸವನಗುಡಿ ಬೀಟ್

ಮಳೆ ಜಾಸ್ತಿಯಾಗಿದೆ ನಿಮ್ಮ ಕಡೆ.

ಹೊಸಬ

ಹೇಳಿದ್ದನ್ನೆಲ್ಲಾ ಒಂದೊಂದಾಗಿ ಕೇಳುತ್ತಿದ್ದೇನೆ. 'ಬ್ಲ್ಯಾಕ್ ಸೇಂಟ್' ಅರ್ಧಕ್ಕೆ ನಿಲ್ಲಿಸಿದೆ, ತಲೆ ಗಿರ್ ಅಂದಿತು. 'ಜ್ಯೋತಿ' ಅಮ್ಮನಿಗೂ ಇಷ್ಟವಾಯಿತು, ಅಡುಗೆಮನೆಯಿಂದಲೇ ಜೋರಾಗಿ ಇಡು ಅಂದರು. ಆಮೇಲೆ ಮಿಂಗಸ್‌ಗೆ ವಾಪಸ್ ಹೋಗಿ ಮರಿಯಾನೊ ಒಬ್ಬರನ್ನೇ ಹಿಂಬಾಲಿಸಿದೆ. ಈಗ ಪರವಾಗಿಲ್ಲ. ಉಳಿದವರು ಕೂಗಾಡುತ್ತಿರಲಿ ಅಂತ ಬಿಟ್ಟೆ. ಒಂದು ಪ್ರಶ್ನೆ: ಎಲ್‌ಪಿ ಕೊಳ್ಳಬೇಕಾ? ಅಂಗಡಿಯಲ್ಲಿ ಬೆಲೆ ಕೇಳಿ ಕೈ ಹಿಂದಕ್ಕೆ ಬಂತು.

ಎಡಗೈ ಪಿಯಾನೊ

ಬೇಡ. ಮಾವನ ಪ್ಲೇಟುಗಳು ಸಾಕು. ಉಳಿದದ್ದು ಫೋನಿನಲ್ಲಿ ಕೇಳಿ, ಆ ದುಡ್ಡಿಗೆ ಒಂದು ಒಳ್ಳೆಯ ಹೆಡ್‌ಫೋನ್ ತಗೊಳ್ಳಿ. ಬೇಸ್ ಕೇಳಿಸದೆ ಜಾಝ್ ಕೇಳಿದರೆ ಅರ್ಧ ಹೋಯಿತು. ಮತ್ತೆ ನೀವು ಮರಿಯಾನೊಗೆ ಮಾಡಿದ್ದನ್ನು ಪಾಲ್ ಚೇಂಬರ್ಸ್‌ಗೂ ಮಾಡಿ. 'ಕೈಂಡ್ ಆಫ್ ಬ್ಲೂ' ಬೇಸ್ ಅವರದ್ದೇ. ಅದೇ 1959ರಲ್ಲಿ ಕೋಲ್ಟ್ರೇನ್ 'ಜಯಂಟ್ ಸ್ಟೆಪ್ಸ್' ರೆಕಾರ್ಡ್ ಮಾಡಿದಾಗಲೂ ಅವರೇ. ಅಲ್ಲಿ 'ಮಿಸ್ಟರ್ ಪಿ.ಸಿ.' ಅಂತ ಅವರ ಹೆಸರಿನದ್ದೇ ಒಂದು ಹಾಡಿದೆ.

ಘಟಂ ಗೆಳೆಯ

ನಾನು ಇವತ್ತು ಎರಿಕ್ ಡಾಲ್ಫಿ 'ಔಟ್ ಟು ಲಂಚ್' ಶುರುಮಾಡಿದೆ. 1964ರ ಫೆಬ್ರವರಿಯದ್ದು. ಅದೇ ಜೂನಿನಲ್ಲಿ ಡಾಲ್ಫಿ ಬರ್ಲಿನ್‌ನಲ್ಲಿ ತೀರಿಕೊಂಡರು, 36 ವರ್ಷ. ಡ್ರಮ್ಸ್ ಟೋನಿ ವಿಲಿಯಮ್ಸ್, ಆಗ 18. ಮೊದಲ ಹಾಡು 'ಹ್ಯಾಟ್ ಅಂಡ್ ಬಿಯರ್ಡ್', ಮಂಕ್‌ಗೆ ಗೌರವ. ಐದರಲ್ಲಿ ಕೈ ಹಾಕಿ ಕೂತೆ, ಸ್ವಲ್ಪ ಹೊತ್ತಿಗೆ ಒಂಬತ್ತಾಯಿತು. ಈ ಹುಡುಗ ವಿಲಿಯಮ್ಸ್ ಎರಡನ್ನೂ ಮುಚ್ಚಿಟ್ಟು ಮೇಲೆ ಬೇರೆಯೇ ಏನೋ ಬಾರಿಸುತ್ತಾನೆ. ಯಾರಾದರೂ ಪೂರ್ತಿ ತಾಳ ಹಾಕಿ ಮುಗಿಸಿದ್ದೀರಾ? ಬೇಸ್ ರಿಚರ್ಡ್ ಡೇವಿಸ್ ಹಿಡಿದರೆ ಸುಲಭವಾ, ಬಾಬಿ ಹಚರ್ಸನ್ ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ) ಹಿಡಿದರೆ ಸುಲಭವಾ?

ಬಸವನಗುಡಿ ಬೀಟ್

ರಿಚರ್ಡ್ ಡೇವಿಸ್. ವೈಬ್ರಫೋನ್ ನಂಬಿದಿರಿ ಅಂದರೆ ಕೆಟ್ಟಿರಿ.